ಬಾಸ್ ಎಚ್‌ಎಂ-2ಡಬ್ಲ್ಯು ಗಿಟಾರ್ ಪೆಡಲ್: ನಾಬ್ ಎಲ್ಲ ಫುಲ್ ಇಡಿ, ಆದರೆ ಬ್ಯಾಂಡ್ ಇರಬೇಕು

ಮೊದಲೇ ಹೇಳಿಬಿಡುತ್ತೇನೆ. ರೂಮಿನಲ್ಲಿ ಒಬ್ಬರೇ ಕೂತು ಚಿಕ್ಕ ಆಂಪ್‌ನಲ್ಲಿ ನುಡಿಸುವವರಿಗೆ ಬಾಸ್ ಕಂಪನಿಯ ಈ ಪೆಡಲ್ ಬೇಡ. (ಪೆಡಲ್ ಅಂದರೆ ಗಿಟಾರ್ ಮತ್ತು ಆಂಪ್, ಅಂದರೆ ಗಿಟಾರ್ ಸ್ಪೀಕರ್, ಇವೆರಡರ ನಡುವೆ ಹಾಕಿ ಕಾಲಲ್ಲಿ ಒತ್ತುವ ಡಬ್ಬಿ. ಇದು ಸೌಂಡನ್ನು ಒರಟು ಮಾಡುತ್ತದೆ.) ಡ್ರಮ್ಮರ್ ಇದ್ದಾನೆ, ಬೇಸ್ ನುಡಿಸುವವರಿದ್ದಾರೆ, ವಾರಕ್ಕೊಮ್ಮೆಯಾದರೂ ಜೋರಾಗಿ ನುಡಿಸಲು ಜಾಗ ಇದೆ ಅಂದರೆ ಮಾತ್ರ ಮುಂದೆ ಓದಿ. ನಮ್ಮದು ಬೆಂಗಳೂರಿನ ನಾಲ್ಕು ಜನರ ಡೆತ್ ಮೆಟಲ್ (ಹೆವಿ ಮೆಟಲ್ಲಿನ ಇನ್ನೂ ಕರ್ಕಶ ರೂಪ) ಬ್ಯಾಂಡ್. ಎಲ್ಲರಿಗೂ ಆಫೀಸಿದೆ. ಭಾನುವಾರ ಗಂಟೆ ಲೆಕ್ಕದಲ್ಲಿ ಜಾಮ್ ರೂಮ್ ಬುಕ್ ಮಾಡಿ ನುಡಿಸುತ್ತೇವೆ. ಈ ಪೆಡಲನ್ನು ನಾನು ಅಳೆದಿದ್ದು ಅಲ್ಲೇ.

ನೋಡೋಕೆ ಕಪ್ಪು ಡಬ್ಬಿ, ಮೇಲೆ ಕಿತ್ತಳೆ ಬಣ್ಣದ ಅಕ್ಷರ. ನಾಲ್ಕೇ ನಾಬ್: ಲೆವೆಲ್, ಕಲರ್ ಮಿಕ್ಸ್ ಎಲ್, ಕಲರ್ ಮಿಕ್ಸ್ ಎಚ್, ಡಿಸ್ಟ್ (ಡಿಸ್ಟಾರ್ಷನ್, ಅಂದರೆ ಸೌಂಡ್ ಎಷ್ಟು ಒರಟಾಗಬೇಕು ಅನ್ನೋದು). ನಡುವೆ ಒಂದು ಪುಟ್ಟ ಸ್ವಿಚ್. ಅದನ್ನು ಸ್ಟ್ಯಾಂಡರ್ಡ್‌ಗೆ ಹಾಕಿದರೆ ಹಳೇ ಎಚ್‌ಎಂ-2 ಸೌಂಡ್. ಕಸ್ಟಮ್‌ಗೆ ಹಾಕಿದರೆ ಗೇನ್ (ಸೌಂಡ್ ಒಡೆದು ಒರಟಾಗುವ ಪ್ರಮಾಣ) ಜಾಸ್ತಿ, ಕೆಳಗಿನ ಸೌಂಡ್ ದಪ್ಪ, ವಾಲ್ಯೂಮ್ ಕೂಡ ಒಂದು ಕೈ ಮೇಲೆ.

ಹಳೇ ಎಚ್‌ಎಂ-2 ಬಂದಿದ್ದು 1983ರಲ್ಲಿ. ಹೆಸರೇ ಹೆವಿ ಮೆಟಲ್ ಅಂತ ಇಟ್ಟರೂ ಕಂಪನಿಯವರು ಅಂದುಕೊಂಡಿದ್ದ ಮೆಟಲ್ ಬೇರೆ, ಕೊನೆಗೆ ಆಗಿದ್ದು ಬೇರೆ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಕೂಡ ಎಂಬತ್ತರ ದಶಕದ ಕೊನೆಯಲ್ಲಿ ಇದನ್ನು ಬಳಸಿದ್ದಾರೆ ಅಂದರೆ ನಂಬ್ತೀರಾ? ಇದರ ಹಣೆಬರಹ ಬದಲಾಗಿದ್ದು ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಹುಡುಗರಿಂದ. ನಿಹಿಲಿಸ್ಟ್ ಎಂಬ ಬ್ಯಾಂಡಿನ ಗಿಟಾರಿಸ್ಟ್ ಲೀಫ್ ಕುಜ್ನರ್ ಎಲ್ಲ ನಾಬ್‌ಗಳನ್ನೂ ಕೊನೆ ತನಕ ತಿರುಗಿಸಿ ನುಡಿಸಿದ. ನಿಹಿಲಿಸ್ಟ್ ಮುರಿದು ಎಂಟೂಂಬ್ಡ್ ಆಯಿತು. ಸನ್‌ಲೈಟ್ ಸ್ಟುಡಿಯೋದಲ್ಲಿ ತೋಮಸ್ ಸ್ಕೋಗ್ಸ್‌ಬರ್ಗ್ ಅದೇ ಸೌಂಡನ್ನು ರೆಕಾರ್ಡ್ ಮಾಡಿದರು. 1991ರಲ್ಲಿ ಬಾಸ್ ಈ ಪೆಡಲ್ ಮಾಡೋದನ್ನೇ ನಿಲ್ಲಿಸಿತು. ಮತ್ತೆ ಬಿಟ್ಟಿದ್ದು 2020ರಲ್ಲಿ, ಡಬ್ಲ್ಯು ಸೇರಿಸಿ, ಜಪಾನ್‌ನಲ್ಲೇ ತಯಾರಿಸಿ.

ಈ ಸೌಂಡಿಗೆ ಮೆಟಲ್ ಕೇಳುವವರು ಇಟ್ಟ ಹೆಸರು ಚೈನ್‌ಸಾ, ಅಂದರೆ ಮರ ಕೊಯ್ಯುವ ಮಷಿನ್. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಹಾಕಿ ನುಡಿಸಿದಾಗ ಅಪ್ಪ ಜಗಲಿಯಿಂದ ಎದ್ದು ಬಂದು, ‘ತೋಟದಲ್ಲಿ ಯಾರು ಈ ಹೊತ್ತಿಗೆ ಕಳೆ ಮಷಿನ್ ಓಡಿಸ್ತಿದಾರೆ ಅಂದ್ಕೊಂಡೆ’ ಅಂದರು. ಒಂಟಿಯಾಗಿ ಕೇಳಿದರೆ ಇದು ನಿಜಕ್ಕೂ ಹಾಗೇ ಇದೆ. ಅಪ್ಪನನ್ನು ಬಯ್ಯೋ ಹಾಗಿಲ್ಲ.

ಇದಕ್ಕೆ ಕಾರಣ ಎಚ್ ನಾಬ್. ಎಚ್ ಅಂದರೆ ಹೈ, ಹೈ ಅಂದ ತಕ್ಷಣ ಟ್ರೆಬಲ್, ಅಂದರೆ ಕೀರಲು ಭಾಗ, ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಹಾಗಲ್ಲ. ಅದು ಎತ್ತೋದು ಸುಮಾರು 1 ಕಿಲೋಹರ್ಟ್ಸ್ ಸುತ್ತಮುತ್ತಲಿನ ಮಿಡ್, ಅಂದರೆ ಸೌಂಡಿನ ನಡುವಿನ ಭಾಗ. ಎಲ್ ನಾಬ್ ಎತ್ತೋದು 100 ಹರ್ಟ್ಸ್‌ಗಿಂತ ಕೆಳಗಿನ ಗುಮ್ಮೆನ್ನುವ ಭಾಗ. ಎರಡೂ ಫುಲ್ ಆದಾಗ ಮೂಗಿನಲ್ಲಿ ಗುರುಗುಟ್ಟುವ ಒಂದು ಸೌಂಡ್, ಅದರ ಕೆಳಗೆ ಎದೆಗೆ ಗುದ್ದುವ ಇನ್ನೊಂದು. ಒಂಟಿ ಗಿಟಾರಿಗೆ ಇದು ಜಾಸ್ತಿಯೇ ಆಯ್ತು. ಆದರೆ ಡ್ರಮ್ಸ್ ಶುರುವಾದ ಕೂಡಲೇ ಆ ಮಿಡ್ ಸಿಂಬಲ್‌ಗಳ ಸದ್ದನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಮಿಡ್ ಪೂರ್ತಿ ಇಳಿಸಿ ಮನೆಯಲ್ಲಿ ಚೆಂದ ಕಾಣುವ ಟೋನ್ ಮಾಡಿಕೊಂಡವರು ಜಾಮ್ ರೂಮಿನಲ್ಲಿ ‘ನನ್ ಗಿಟಾರ್ ಕೇಳಿಸ್ತಾನೇ ಇಲ್ಲ’ ಅಂತ ಒದ್ದಾಡುತ್ತಾರಲ್ಲ, ಆ ಗೋಳು ಇಲ್ಲಿಲ್ಲ.

ಗೋಳು ಬೇಸ್ ನುಡಿಸುವವರಿಗೆ. ಎಲ್ ಫುಲ್ ಇಟ್ಟರೆ ಅವರ ಜಾಗವನ್ನು ಪೂರ್ತಿ ನುಂಗಿಬಿಡುತ್ತದೆ. ನಮ್ಮ ಬೇಸಿಸ್ಟ್ ತಾಳ್ಮೆಯ ಮನುಷ್ಯ, ಆದರೂ ಒಂದು ಭಾನುವಾರ ಸ್ಟ್ರಾಪ್ ಬಿಚ್ಚಿಟ್ಟು, ‘ನೀನೇ ನನ್ ಪಾರ್ಟೂ ನುಡಿಸ್ಕೋ ಗುರು’ ಎಂದ. ಈಗ ಎಲ್ ನಾಬ್ ಗಡಿಯಾರದ ಎರಡು ಗಂಟೆ ಜಾಗದಲ್ಲಿದೆ, ಉಳಿದಿದ್ದು ಫುಲ್. ಅವನೂ ಸ್ವಲ್ಪ ಡಿಸ್ಟಾರ್ಷನ್ ಹಾಕಿಕೊಂಡಿದ್ದಾನೆ. ಇನ್ನೊಬ್ಬ ಗಿಟಾರಿಸ್ಟ್ ಪೆಡಲ್ ಇಲ್ಲದೆ ಆಂಪ್ ಗೇನ್‌ನಲ್ಲೇ ನುಡಿಸುತ್ತಾನೆ. ಪಿಕ್ ತಂತಿಗೆ ತಾಗುವ ಟಕ್ ಟಕ್ ಅವನ ಕಡೆಯಿಂದ, ಗುರುಗುಡುವ ಗೋಡೆ ನನ್ನ ಕಡೆಯಿಂದ. ಇಬ್ಬರೂ ಇದೇ ಪೆಡಲ್ ಹಾಕಿದರೆ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಯಾವುದು, ಗದ್ದಲ ಯಾವುದು ಗೊತ್ತಾಗೋದಿಲ್ಲ. ತಂತಿಗಳ ಶ್ರುತಿಯನ್ನು ಬಿ ಸ್ವರದ ತನಕ ಇಳಿಸಿದ್ದೇವೆ. ಇಳಿಸಿದ ಮೇಲೆ ದಪ್ಪ ತಂತಿ ಹಾಕಲೇಬೇಕು.

ದುಡ್ಡು ಹಾಕುವ ಮುಂಚೆ ಮೂರು ಆಲ್ಬಂ ಕೇಳಿ. ಇಷ್ಟವಾಗದಿದ್ದರೆ ಪೆಡಲ್ ಖರ್ಚು ಉಳಿಯಿತು.

ಮೊದಲನೆಯದು ಎಂಟೂಂಬ್ಡ್‌ನ ‘ಲೆಫ್ಟ್ ಹ್ಯಾಂಡ್ ಪಾತ್’, 1990. ಈ ಪೆಡಲಿಗೆ ಇದೇ ಮ್ಯಾನುಯಲ್ ಅಂದರೂ ತಪ್ಪಿಲ್ಲ. ಟೈಟಲ್ ಹಾಡಿನ ಕೊನೆಯ ಭಾಗದಲ್ಲಿ ವೇಗ ಇಳಿದು ಮೆಲಡಿ ಬರುತ್ತದೆ, ಅಲ್ಲಿ ಕಿವಿ ಕೊಡಿ. ಇಷ್ಟೊಂದು ಕೊಳಕು ಸೌಂಡಿನಲ್ಲಿ ರಾಗ ಹೇಗೆ ನಿಲ್ಲುತ್ತದೆ ಅನ್ನೋದು ಅಲ್ಲಿ ಗೊತ್ತಾಗುತ್ತದೆ. ಎರಡನೆಯದು ಅದೇ ಸನ್‌ಲೈಟ್ ಸ್ಟುಡಿಯೋದಲ್ಲಿ ಆದ ಡಿಸ್‌ಮೆಂಬರ್‌ನ 1991ರ ‘ಲೈಕ್ ಆ್ಯನ್ ಎವರ್ ಫ್ಲೋಯಿಂಗ್ ಸ್ಟ್ರೀಮ್’. ನನಗೆ ಎಂಟೂಂಬ್ಡ್‌ಗಿಂತ ಇದೇ ಒಂದು ತೂಕ ಜಾಸ್ತಿ ಇಷ್ಟ. ಇದರ ಮೇಲೆ ನಮ್ಮ ಬ್ಯಾಂಡಿನಲ್ಲಿ ಜಗಳ ಇನ್ನೂ ಮುಗಿದಿಲ್ಲ. ಮೂರನೆಯದು ಅಟ್ ದ ಗೇಟ್ಸ್‌ನ ‘ಸ್ಲಾಟರ್ ಆಫ್ ದ ಸೋಲ್’, 1995, ಗೋಥೆನ್‌ಬರ್ಗ್ ಕಡೆಯದ್ದು. ಅಲ್ಲೂ ಇದೇ ಪೆಡಲ್ ಇದೆ, ಆದರೆ ಸೌಂಡ್ ಬಿಗಿ, ಚೂಪು. ಇದೊಂದೇ ಇಷ್ಟವಾಗಿ ಮೊದಲ ಎರಡು ಹಿಡಿಸದಿದ್ದರೆ ನಿಮಗೆ ಬೇಕಿರೋದು ಬಹುಶಃ ಒಳ್ಳೇ ಹೈ ಗೇನ್ ಆಂಪ್, ಈ ಪೆಡಲ್ ಅಲ್ಲ.

ನಮ್ಮ ಎರಡನೇ ಗಿಟಾರಿಸ್ಟ್ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಭಕ್ತ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಮೇಡನ್ ಬಂದಾಗ ಅವನಿಗೆ ಟಿಕೆಟ್ ಸಿಕ್ಕಿತ್ತು, ಅದನ್ನು ಇವತ್ತಿಗೂ ಮಾತಿನ ಮಧ್ಯೆ ತರುತ್ತಾನೆ. ನಮ್ಮ ಬೆಂಗಳೂರಿನದೇ ಬ್ಯಾಂಡ್ ಕ್ರಿಪ್ಟೋಸ್‌ನ ‘ಬರ್ನ್ ಅಪ್ ದ ನೈಟ್’ ಅವನು ನನಗೆ ದಾಟಿಸಿದ್ದು. ಎರಡು ಗಿಟಾರ್ ಜೊತೆಜೊತೆಗೆ ಹೋಗುವ ಲೀಡ್‌ಗಳ ಆಲ್ಬಂ ಅದು, ಬೆಂಗಳೂರಿನವರು ಕೇಳಿರದಿದ್ದರೆ ಕೇಳಿ. ಬದಲಿಗೆ ನಾನು ಕೊಟ್ಟಿದ್ದು ಡಿಸ್‌ಮೆಂಬರ್‌ನ 1997ರ ಆಲ್ಬಂ. ಅದರ ಹೆಸರೇ ‘ಡೆತ್ ಮೆಟಲ್’. ಮೇಡನ್ ಥರದ ಹಾರ್ಮನಿ, ಕೆಳಗೆ ಈ ಪೆಡಲಿನ ಗರಗಸ. ಅದಾದ ಮೇಲೆ ಈ ಪೆಡಲ್ ಬಗ್ಗೆ ಅವನ ಗೊಣಗಾಟ ಅರ್ಧಕ್ಕೆ ಇಳಿದಿದೆ.

ಕೊರತೆ ಇಲ್ವಾ ಅಂದರೆ, ಇದೆ. ಇದಕ್ಕೆ ಬರೋದು ಒಂದೇ ಸೌಂಡ್. ನಾಬ್ ಕಡಿಮೆ ಮಾಡಿ ಸಾದಾ ರಾಕ್ ನುಡಿಸೋಣ ಅಂದರೆ ಸಪ್ಪೆ. ಒಂದೇ ಪೆಡಲಿನಲ್ಲಿ ಥ್ರ್ಯಾಶ್, ಡೂಮ್ ಥರದ ಬೇರೆ ಮೆಟಲ್ ಶೈಲಿಗಳೂ ಎಲ್ಲ ಬೇಕು ಅನ್ನುವವರು ಹತ್ತಿರ ಬರಬೇಡಿ. ಎಲ್ಲ ಫುಲ್ ಇದ್ದಾಗ ನುಡಿಸದೇ ನಿಂತರೆ ಸುಯ್ ಅಂತ ಹಿಸ್ ಬರುತ್ತಲೇ ಇರುತ್ತದೆ. ನಾಯ್ಸ್ ಗೇಟ್ (ನುಡಿಸದಿದ್ದಾಗ ಈ ಸದ್ದನ್ನು ತಡೆಯುವ ಸಾಧನ) ಇಲ್ಲದೆ ರಿಫ್ ನಡುವಿನ ನಿಲುಗಡೆಗಳು ಕೆಡುತ್ತವೆ, ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಅರ್ಥಿಂಗ್ ಸರಿ ಇಲ್ಲದ ಒಂದು ಜಾಮ್ ರೂಮಿನಲ್ಲಿ ಹಮ್ ಎಷ್ಟಿತ್ತೆಂದರೆ ಡ್ರಮ್ಮರ್ ಎಣಿಕೆ ಕೊಟ್ಟಿದ್ದೇ ನಮಗೆ ಕೇಳಿಸಲಿಲ್ಲ. ಅದು ಪೆಡಲಿನ ತಪ್ಪಲ್ಲ, ಆದರೆ ಇಷ್ಟು ಗೇನ್ ಇರುವ ಪೆಡಲ್ ಅಂಥ ತಪ್ಪುಗಳನ್ನೆಲ್ಲ ಹತ್ತು ಪಟ್ಟು ಮಾಡಿ ಕೇಳಿಸುತ್ತದೆ.

ಈ ಸೌಂಡ್ ಹಿಡಿಸುತ್ತದೋ ಇಲ್ಲವೋ ಅನುಮಾನ ಇದ್ದರೆ ಬೆರಿಂಜರ್ ಕಂಪನಿಯ ಎಚ್‌ಎಂ300 ಪೆಡಲ್ ತಗೊಂಡು ನೋಡಿ. ಪ್ಲಾಸ್ಟಿಕ್ ಡಬ್ಬಿ, ಸ್ಟೇಜ್ ಮೇಲೆ ಬೂಟುಗಾಲಲ್ಲಿ ತುಳಿಯೋಕೆ ಧೈರ್ಯ ಬರಲ್ಲ, ಆದರೆ ಬೆಲೆ ಬಹಳ ಕಡಿಮೆ ಮತ್ತು ಸೌಂಡ್ ಆಶ್ಚರ್ಯವಾಗುವಷ್ಟು ಹತ್ತಿರ. ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೇ ಎಚ್‌ಎಂ-2 ಸಿಕ್ಕರೆ ಅಡಾಪ್ಟರ್ ನೋಡಿಕೊಳ್ಳಿ. ಅದು ಬಾಸ್‌ನ ಹಳೇ ಎಸಿಎ ಅಡಾಪ್ಟರಿಗೆ ಮಾಡಿದ್ದು. ಈಗಿನ ಸಾಮಾನ್ಯ 9 ವೋಲ್ಟ್ ಅಡಾಪ್ಟರ್ ಒಂದನ್ನೇ ಹಾಕಿದರೆ ಲೈಟ್ ಮಂಕಾಗಿ ಉರಿಯುತ್ತದೆ, ಪೆಡಲ್ ಕೆಟ್ಟಿದೆ ಅಂದುಕೊಂಡು ಬಿಟ್ಟು ಬರಬೇಡಿ.