ಕೊನೇ ಆರು ಸೆಕೆಂಡ್: ಕೈಯಲ್ಲಿ ಕೂಗಿದ್ದು, ಟೂಲ್ ಕೂಗಿದ್ದು

ನನಗೆ ಪಾರ್ಕರ್ 51 ಪೆನ್ನಿನ ಹುಚ್ಚು. 1941ರಲ್ಲಿ ಅಂಗಡಿಗೆ ಬಂದ ಪೆನ್ನು ಅದು. ನಿಬ್ಬಿನ ತುದಿ ಮಾತ್ರ ಇಣುಕುತ್ತದೆ, ಉಳಿದದ್ದೆಲ್ಲ ಮುಸುಕಿನೊಳಗೆ. ಅಮೆರಿಕದಲ್ಲಿ ಹಳೇ ಮನೆ ಖಾಲಿ ಮಾಡುವವರು ಇವನ್ನು ಇಬೇ ಅನ್ನುವ ಆನ್‌ಲೈನ್ ಸೈಟಿನಲ್ಲಿ ಹರಾಜಿಗೆ ಇಡುತ್ತಾರೆ. ನಮ್ಮಲ್ಲೂ ಇಬೇ ಇತ್ತು. 2004ರಲ್ಲಿ ಬಾಜೀ ಡಾಟ್ ಕಾಮ್ ಅನ್ನುವ ಇಲ್ಲಿನ ಸೈಟನ್ನು ಕೊಂಡು ಶುರು ಮಾಡಿದ್ದರು, 2018ರಲ್ಲಿ ಬಾಗಿಲು ಹಾಕಿತು. ಹಾಗಾಗಿ ನಾನು ಅಮೆರಿಕದ ಸೈಟಿನಲ್ಲೇ ಕೂಗುತ್ತೇನೆ. ಪಾರ್ಸೆಲ್ ನ್ಯೂಜೆರ್ಸಿಯ ತಂಗಿ ಮನೆಗೆ ಹೋಗುತ್ತದೆ. ಊರಿಗೆ ಬರುವಾಗ ಅವಳು ತರುತ್ತಾಳೆ. "ಅಣ್ಣಾ, ಇದು ನಾಲ್ಕನೇ ಡಬ್ಬ. ಅಂಗಡಿ ಇಡ್ತೀಯಾ?" ಅಂತ ಒಮ್ಮೆ ಕೇಳಿದ್ದಳು.

ತೊಂದರೆ ಇರುವುದು ಸಮಯದ್ದು. ಅಲ್ಲಿ ಜನಕ್ಕೆ ಭಾನುವಾರ ಸಂಜೆ ಪುರುಸೊತ್ತು, ಹರಾಜು ಮುಗಿಯುವುದೂ ಹೆಚ್ಚಾಗಿ ಆಗಲೇ. ಕ್ಯಾಲಿಫೋರ್ನಿಯಾದ ಭಾನುವಾರ ಸಂಜೆ 7 ಅಂದರೆ ನಮಗೆ ಸೋಮವಾರ ಬೆಳಿಗ್ಗೆ 7:30. ಅವರ ಚಳಿಗಾಲದಲ್ಲಿ 8:30. ಮಗಳ ಸ್ಕೂಲ್ ವ್ಯಾನ್ ಬರುವ ಹೊತ್ತು, ನಾನು ಆಫೀಸಿಗೆ ಹೊರಡುವ ಹೊತ್ತು. ಎರಡು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದ್ದೇನೆ.

ಮೊದಲನೆಯದು ಇಬೇ ತಾನೇ ಹೇಳಿಕೊಡುವ ದಾರಿ. ನಿಮ್ಮ ಗರಿಷ್ಠ ಬೆಲೆ ಬರೆದು ಮಲಗಿ. ಎದುರಾಳಿ ಎಷ್ಟು ಕೂಗುತ್ತಾನೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಸೈಟೇ ನಿಮ್ಮ ಪರವಾಗಿ ಕೂಗುತ್ತದೆ. 25ರಿಂದ 100 ಡಾಲರ್ ಒಳಗೆ ಆ ಮೆಟ್ಟಿಲು 1 ಡಾಲರ್. ಕೇಳಲು ಚೆಂದ. ಒಂದು ಬರ್ಗಂಡಿ ಬಣ್ಣದ 51ಕ್ಕೆ ರಾತ್ರಿ 70 ಬರೆದು ಮಲಗಿದೆ. ಆಗ ಬೆಲೆ 31. ಬೆಳಿಗ್ಗೆ ನೋಡಿದರೆ 67. ಯಾರು ಎಷ್ಟು ಕೂಗಿದರು ಅನ್ನುವ ಬಿಡ್ ಪಟ್ಟಿ ತೆಗೆದು ನೋಡಿದೆ. ಒಬ್ಬನೇ ಆಸಾಮಿ. 35, 40, 45, 50 ಅಂತ ಬಾವಿಯ ಆಳ ನೋಡುವವನ ಹಾಗೆ ಹಗ್ಗ ಇಳಿಸುತ್ತಾ ಹೋಗಿದ್ದಾನೆ. 66ಕ್ಕೆ ಬೇಸರ ಬಂದು ಬಿಟ್ಟಿದ್ದಾನೆ. ಪೆನ್ನು ನನಗೇ ಬಂತು, ಆದರೆ ನಾನು ಕೊಟ್ಟಿದ್ದು ಅವನ ಕುತೂಹಲದ ಬೆಲೆ.

ಎರಡನೆಯದು ಸ್ವಂತ ಕೈಯಲ್ಲಿ, ಕೊನೇ ಗಳಿಗೆಯಲ್ಲಿ. ಇದು ಮಜಾ, ಸುಳ್ಳು ಹೇಳುವುದಿಲ್ಲ. ಒಲೆ ಮೇಲೆ ದೋಸೆ, ಕೈಯಲ್ಲಿ ಫೋನು, ಪರದೆ ಮೇಲೆ 40 ಸೆಕೆಂಡ್. ಮೊದಲ ಸಲ ಬೆಲೆ ಹಾಕಿ ಒತ್ತಿದೆ, "ಖಚಿತಪಡಿಸಿ" ಅಂತ ಇನ್ನೊಂದು ಪರದೆ ಬಂತು, ಅದನ್ನು ಓದುವಷ್ಟರಲ್ಲಿ ಹರಾಜು ಮುಗಿದಿತ್ತು. ಎರಡನೇ ಸಲ ಕೈ ಪಳಗಿತ್ತು, ತಲೆ ಕೆಟ್ಟಿತ್ತು. 60ಕ್ಕಿಂತ ಮೇಲೆ ಬೇಡ ಅಂತ ಹಿಂದಿನ ರಾತ್ರಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದೆ. ಇನ್ಯಾರೋ 61 ಮಾಡಿದ. ಉಳಿದದ್ದು 14 ಸೆಕೆಂಡ್. ಬೆರಳು ತಾನಾಗಿ 85 ಬರೆಯಿತು. 82ಕ್ಕೆ ಸಿಕ್ಕಿತು. ದೋಸೆ ಸೀದಿತ್ತು. ಕ್ಯಾಲೆಂಡರಿನ 60 ಆ ತಿಂಗಳು ಪೂರ್ತಿ ನನ್ನನ್ನೇ ನೋಡುತ್ತಿತ್ತು.

ಆಮೇಲೆ ಟೂಲ್ ಕಡೆ ಹೋದೆ. ಹರಾಜು ಮುಗಿಯಲು ಕೆಲವೇ ಸೆಕೆಂಡ್ ಇರುವಾಗ ನಮ್ಮ ಬೆಲೆಯನ್ನು ತಾನೇ ಹಾಕುವ ಕೆಲಸ ಇವುಗಳದ್ದು. ಸ್ನೈಪಿಂಗ್ ಅನ್ನುತ್ತಾರೆ. ಕೊನೇ ಸೆಕೆಂಡಿನ ಬಿಡ್ಡಿಗೆ ಇಬೇಯ ಅಡ್ಡಿಯೂ ಇಲ್ಲ.

ನಮ್ಮ ಕಂಪ್ಯೂಟರಿನಲ್ಲೇ ಓಡುವ ಬಗೆ ಒಂದು. ಜೆಬಿಡ್‌ವಾಚರ್ ಅಂತ ಜಾವಾದಲ್ಲಿ ಬರೆದ, ಕೋಡ್ ಎಲ್ಲರಿಗೂ ತೆರೆದಿರುವ ಪ್ರೋಗ್ರಾಂ ಇದೆ. ಇದರ ದೊಡ್ಡ ಗುಣ, ಪಾಸ್‌ವರ್ಡ್ ಮನೆ ಬಿಟ್ಟು ಹೋಗುವುದಿಲ್ಲ. ಆದರೆ ಮನೆಯ ಕಂಪ್ಯೂಟರ್ ಎಚ್ಚರ ಇರಬೇಕು, ನೆಟ್ ಇರಬೇಕು, ಕರೆಂಟ್ ಇರಬೇಕು. ನಮ್ಮ ಬೀದಿಯಲ್ಲಿ ಮೂರೂ ಒಟ್ಟಿಗೆ ಇರುವುದು ಶುಭದಿನ. ಒಂದು ನೀಲಿ 51 ಬರೀ 44 ಡಾಲರಿಗೆ ಹೋಯಿತು. ನನ್ನ 60 ಲ್ಯಾಪ್‌ಟಾಪಿನೊಳಗೇ ನಿದ್ದೆ ಹೊಡೆಯುತ್ತಿತ್ತು. ಸ್ಲೀಪ್ ಮೋಡ್ ತೆಗೆಯಲು ಮರೆತಿದ್ದವನು ನಾನೇ, ಪ್ರೋಗ್ರಾಮಿನ ತಪ್ಪೇನಿಲ್ಲ.

ಇನ್ನೊಂದು ಬಗೆ ವೆಬ್ ಸೇವೆ. ಹರಾಜಿನ ನಂಬರ್ ಮತ್ತು ಬೆಲೆ ಬರೆದಿಟ್ಟರೆ ಎಲ್ಲೋ ದೂರದ ಸರ್ವರ್ ನಮ್ಮ ಹೆಸರಲ್ಲಿ ಕೂಗುತ್ತದೆ. ಇದರಲ್ಲಿ ಎರಡು ಬಳಸಿದ್ದೇನೆ. ಒಂದು, ಗೆದ್ದಾಗ ಕಮಿಷನ್ ತೆಗೆದುಕೊಳ್ಳುವಂಥದ್ದು, ಹೆಸರು ಬೇಡ. ಇಬೇ ಖಾತೆಗೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಸಾಲದು, ಇನ್ನೊಂದು ಗುರುತೂ ಬೇಕು) ಹಾಕಿಕೊಂಡ ಮರುವಾರವೇ ಅದಕ್ಕೆ ಒಳಗೆ ಹೋಗಲು ಆಗಲಿಲ್ಲ. "ಲಾಗಿನ್ ಆಗುತ್ತಿಲ್ಲ, ಗಮನಿಸಿ" ಅಂತ ಮೇಲ್ ಬಂತು. ಹರಾಜು ಮುಗಿದು ಹನ್ನೊಂದು ನಿಮಿಷ ಆದ ಮೇಲೆ. ಇನ್ನೊಂದು ಗಿಕ್ಸನ್. ಸುಮ್ನೆ ಬಳಸಬಹುದು, ದುಡ್ಡು ಕೊಡಬೇಕಿಲ್ಲ. ವರ್ಷಕ್ಕೆ ಸ್ವಲ್ಪ ಕೊಟ್ಟರೆ ಬೇರೊಂದು ಸರ್ವರ್ ಕೂಡ ಅದೇ ಬಿಡ್ ಹಾಕುತ್ತದೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ನೋಡಲು ಹಳೇ ಕಾಲದ ಸೈಟು, ಅಂದ ಚಂದ ಏನೂ ಇಲ್ಲ. ನನ್ನ ಕೆಲಸ ಆಗಿದೆ.

ಯಾವ ಸೇವೆಯಾದರೂ ಖಾತೆಯ ಕೀಲಿ ಬೇರೆಯವರ ಕೈಗೆ ಕೊಟ್ಟ ಹಾಗೇ. ಇಬೇಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಟ್ಟಿದ್ದೇನೆ. ಇದು ಇಷ್ಟವಾಗದವರು ಕಂಪ್ಯೂಟರಿನ ದಾರಿಯನ್ನೇ ಹಿಡಿಯಲಿ, ಯುಪಿಎಸ್ ಸಮೇತ.

ವೆಬ್ ಸೇವೆಯಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಗುಂಪು ಮಾಡುವ ಸೌಲಭ್ಯ. ಕಪ್ಪು 51 ಒಂದೇ ಬೇಕು, ಆದರೆ ಆ ವಾರ ಐದು ಹರಾಜಿವೆ ಅಂದುಕೊಳ್ಳಿ. ಐದಕ್ಕೂ 50 ಡಾಲರ್ ಬರೆದು ಒಂದೇ ಗುಂಪಿಗೆ ಸೇರಿಸಿದರೆ, ಒಂದು ಗೆದ್ದ ಕೂಡಲೇ ಉಳಿದವು ರದ್ದಾಗುತ್ತವೆ. ಒಂದಕ್ಕೊಂದು ತೀರಾ ಹತ್ತಿರ ಮುಗಿಯಬಾರದು, ಅಷ್ಟೇ. ನನಗೆ ಮೂರನೆಯದು 46ಕ್ಕೆ ಸಿಕ್ಕಿತು. ಮೊದಲೆರಡು ಸೋತಾಗ ನಾನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿದ್ದೆ, ಗೊತ್ತೇ ಆಗಲಿಲ್ಲ. ಕೈಯಲ್ಲಿ ಕೂಗಿದ್ದರೆ ಮೊದಲನೆಯದಕ್ಕೇ ಜಿದ್ದಿಗೆ ಬೀಳುತ್ತಿದ್ದೆ.

ಬೆಂಗಳೂರಿಗೆ ಬಂದಿದ್ದ ಅಪ್ಪಯ್ಯನಿಗೆ ಇದನ್ನೆಲ್ಲ ವಿವರಿಸಿದೆ. ನಮ್ಮದು ಶಿರಸಿ ಕಡೆ, ಅಡಿಕೆ ಮನೆ. ಅಲ್ಲಿ ವ್ಯಾಪಾರಿಗಳು ರಾಶಿಯ ಮುಂದೆ ಬಂದು ನಾಲ್ಕು ಅಡಿಕೆ ಒಡೆದು ನೋಡಿ, ದರ ಬರೆದು ಟೆಂಡರ್ ಹಾಕುತ್ತಾರೆ. ಜಾಸ್ತಿ ಬರೆದವನಿಗೆ ಮಾಲು. "ಇದು ಕೂಗುವ ಸವಾಲಲ್ಲ, ಟೆಂಡರೇ ಅಲ್ವಾ ಮಾರಾಯ?" ಅಂದರು ಅಪ್ಪಯ್ಯ. "ಪಕ್ಕದವ ಎಷ್ಟು ಬರೆದ ಅಂತ ಗೊತ್ತಾಗಬಾರದು. ಗೊತ್ತಾದರೆ ಇವನೂ ಏರಿಸ್ತಾನೆ."

ಅಷ್ಟೇ ವಿಷಯ. ಕೂಗುವ ಹರಾಜನ್ನು ಚೀಟಿ ಹಾಕುವ ಹರಾಜು ಮಾಡಿಕೊಳ್ಳುವುದು. ಒಂದು ವ್ಯತ್ಯಾಸ ಇದೆ. ಟೆಂಡರಿನಲ್ಲಿ ಬರೆದಷ್ಟೂ ಕೊಡಬೇಕು. ಇಬೇಯಲ್ಲಿ ಎರಡನೆಯವನಿಗಿಂತ ಒಂದು ಮೆಟ್ಟಿಲು ಮೇಲೆ ಕೊಟ್ಟರೆ ಸಾಕು. ಇದೆಲ್ಲ ನಡೆಯುವುದು ಇಬೇ ಹರಾಜು ಹೇಳಿದ ಸೆಕೆಂಡಿಗೇ ಮುಗಿಯುವುದರಿಂದ. ಹಿಂದೆ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಅಲ್ಲಿ ಕೊನೇ ಹೊತ್ತಿಗೆ ಯಾರಾದರೂ ಕೂಗಿದರೆ ಸಮಯ ಮುಂದಕ್ಕೆ ಹೋಗುತ್ತಿತ್ತು, ಹತ್ತು ನಿಮಿಷ ಯಾರೂ ಕೂಗದಿದ್ದರೆ ಮಾತ್ರ ಮುಗಿಯುತ್ತಿತ್ತು. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕನ್‌ಫೆಲ್ಸ್ ಅನ್ನುವ ಅರ್ಥಶಾಸ್ತ್ರಜ್ಞರು ಎರಡನ್ನೂ ಹೋಲಿಸಿ 2002ರಲ್ಲಿ ಬರೆದಿದ್ದಾರೆ. ಕೊನೇ ಗಳಿಗೆಯ ಬಿಡ್‌ಗಳು ಇಬೇಯಲ್ಲೇ ಬಹಳ ಜಾಸ್ತಿ ಇದ್ದವು. ರಾತ್‌ಗೆ ಮುಂದೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಬೇರೆ ಕೆಲಸಕ್ಕೆ.

ಟೂಲ್ ಇದ್ದರೆ ಗೆಲುವು ಖಂಡಿತ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲೇ 75 ಬರೆದಿಟ್ಟವನ ಮುಂದೆ ನನ್ನ 60 ಆರು ಸೆಕೆಂಡ್ ಇರುವಾಗ ಹೋದರೂ ಒಂದೇ, ಆರು ದಿನ ಮೊದಲು ಹೋದರೂ ಒಂದೇ. ಇಬ್ಬರದೂ ಸಮ ಆದರೆ ಮೊದಲು ಹಾಕಿದವನಿಗೇ ಪೆನ್ನು, ಅಲ್ಲಿ ಸ್ನೈಪ್ ಮಾಡಿದವನೇ ಸೋಲುತ್ತಾನೆ. ಅದಕ್ಕೇ ನಾನು 60 ಅಂತ ಬರೆಯುವುದಿಲ್ಲ, 60.38 ಅಂತ ಬರೆಯುತ್ತೇನೆ. ಎರಡು ಸೆಕೆಂಡ್ ಇರುವಾಗ ಹಾಕುವ ಶೂರತನವೂ ಬೇಡ. ನೆಟ್ ಸ್ವಲ್ಪ ಎಳೆದಾಡಿದರೂ ಬಿಡ್ ಹೊರಗುಳಿಯುತ್ತದೆ. ನಾನು ಆರಕ್ಕೆ ಇಟ್ಟಿದ್ದೇನೆ.

ಕೈಯಿಂದ ಮಾಡುವ ಒಂದು ಕೆಲಸ ಮಾತ್ರ ಉಳಿಸಿಕೊಂಡಿದ್ದೇನೆ. ಹರಾಜಿನ ಜೊತೆ "ಈಗಲೇ ಕೊಳ್ಳಿ" ಅನ್ನುವ ಬೆಲೆಯೂ ಇದ್ದರೆ, ಶುರುವಿನ ಬೆಲೆಗೆ ಒಂದು ಸಣ್ಣ ಬಿಡ್ ಹಾಕುತ್ತೇನೆ. ಸಾಮಾನ್ಯವಾಗಿ ಮೊದಲ ಬಿಡ್ ಬಿದ್ದ ಕೂಡಲೇ ಆ ಬಟನ್ ಮಾಯ. ಮಧ್ಯದಲ್ಲಿ ಯಾರೂ ಎತ್ತಿಕೊಂಡು ಹೋಗುವಂತಿಲ್ಲ. ಆಮೇಲೆ ಗಿಕ್ಸನ್‌ಗೆ ಬಿಟ್ಟು ಪುಟ ಮುಚ್ಚುತ್ತೇನೆ.

ಈಗ ಒಂದು ಪ್ಲಮ್ ಬಣ್ಣದ 51 ಕಣ್ಣಿಗೆ ಬಿದ್ದಿದೆ. ಅಪರೂಪದ ಬಣ್ಣ. ಬರುವ ಸೋಮವಾರ ಮುಗಿಯುತ್ತದೆ. ಎಷ್ಟು ಬರೆದಿದ್ದೇನೆ ಅಂತ ಇಲ್ಲಿ ಹೇಳುವುದಿಲ್ಲ. ನಿಮ್ಮಲ್ಲೂ ಯಾರಿಗಾದರೂ ಪೆನ್ನಿನ ಹುಚ್ಚಿರಬಹುದು.