ಗೋಕರ್ಣದಲ್ಲಿ ಕಾಸಿಲ್ಲದೆ ಕಡಲ ಜೀವಿಗಳು: ಕುಡ್ಲೆ, ಓಂ, ಪ್ಯಾರಡೈಸ್ ಹಾದಿ, ತದಡಿ

ಗೋಕರ್ಣದಲ್ಲಿ ಕಡಲ ಜೀವಿಗಳನ್ನು ನೋಡಲು ಟಿಕೆಟ್ಟಿಲ್ಲ. ಹಣ ಹೋಗುವುದು ವಾಹನ ನಿಲುಗಡೆಗೆ, ದೋಣಿಗೆ, ಊಟಕ್ಕೆ. ಆರಿಸಿಕೊಳ್ಳಬೇಕಾದದ್ದು ಜಾಗ ಮತ್ತು ಹೊತ್ತು, ಅದರಲ್ಲೂ ಹೊತ್ತೇ ಮುಖ್ಯ. ನಾಲ್ಕೂ ಕಡೆ ಬೇರೆಬೇರೆ ತಿಥಿಗಳಲ್ಲಿ ಹೋಗಿ ನೋಡಿದ ಮೇಲೆ ನಮ್ಮ ತೀರ್ಮಾನ ಇಷ್ಟು: ಹೆಸರು ಮಾಡಿದ ಬೀಚುಗಳಿಗಿಂತ ತದಡಿಯ ಕೆಸರುದಂಡೆಯಲ್ಲಿ ಜೀವ ಹೆಚ್ಚು. ತಪ್ಪು ಹೊತ್ತಿಗೆ ಹೋದರೆ ಮಾತ್ರ ಅಲ್ಲಿ ಕಾಣುವುದು ಬರೀ ನೀರು.

ಮೊದಲು ನೀರಿನ ಲೆಕ್ಕ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ (ನೀರು ಏರುವುದು), ಎರಡು ಇಳಿತ (ನೀರು ಇಳಿಯುವುದು). ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ ಹಿಡಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನೀರು ತೀರಾ ಮೇಲೇರಿ ತೀರಾ ಕೆಳಗಿಳಿಯುತ್ತದೆ. ಆಗ ಇಳಿತ ಬೀಳುವುದು ಹೆಚ್ಚುಕಡಿಮೆ ನಸುಕಿನ ಐದಕ್ಕೆ ಮತ್ತು ಸಂಜೆ ಐದಕ್ಕೆ. ಅಷ್ಟಮಿ ಹೊತ್ತಿಗೆ ಇಳಿತ ನಡುಹಗಲಿಗೆ ಬಂದರೂ ನೀರು ಹೆಚ್ಚು ಹಿಂದೆ ಸರಿಯುವುದಿಲ್ಲ, ಬಂಡೆಗಳು ಪೂರ್ತಿ ತೆರೆದುಕೊಳ್ಳುವುದಿಲ್ಲ. ಹೊರಡುವ ಮುನ್ನ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿಕೊಂಡರೆ ಸಾಕು.

ಕುಡ್ಲೆ ಬೀಚು ಊರಿಗೆ ಹತ್ತಿರ, ನಡೆದೇ ಹೋಗಬಹುದು. ಜೀವಿಗಳ ವಿಷಯದಲ್ಲಿ ನಾಲ್ಕರಲ್ಲಿ ಬಡವ. ಬೆಳಿಗ್ಗೆ ಬೇಗ ಹೋದರೆ ಮರಳೇಡಿಗಳ ಬಿಲ, ಬಿಲದ ಬಾಯಲ್ಲಿ ಹೊಸದಾಗಿ ಎಸೆದ ಹಸಿ ಮರಳು ಕಾಣುತ್ತದೆ. ಹತ್ತು ಗಂಟೆಯೊಳಗೆ ಜನರ ಕಾಲ್ತುಳಿತಕ್ಕೆ ಅದೂ ಅಳಿಸಿಹೋಗುತ್ತದೆ. ಸೂರ್ಯಾಸ್ತಕ್ಕೆ ಮಾತ್ರ ಕುಡ್ಲೆಯೇ ಸರಿ. ಈಜುವವರು ಒಂದು ಗಮನಿಸಿ: ಎರಡು ಕಡೆ ಅಲೆ ಮುರಿಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ನೀರು ಕಡಲಿಗೆ ಮರಳಿ ಎಳೆಯುವ ಜಾಗ ಅದೇ. ಅಲ್ಲಿ ಇಳಿಯಬಾರದು.

ಓಂ ಬೀಚಿನ ಎರಡು ಅರ್ಧಚಂದ್ರಗಳು ಕೂಡುವಲ್ಲಿ ಕಡಲಿಗೆ ಚಾಚಿಕೊಂಡ ಬಂಡೆಸಾಲಿದೆ. ನೋಡಬೇಕಾದದ್ದು ಅದನ್ನೇ. ಹುಣ್ಣಿಮೆ, ಅಮಾವಾಸ್ಯೆ ದಿನಗಳಲ್ಲಿ ಸಂಜೆ ನಾಲ್ಕಕ್ಕೆ ಅಲ್ಲಿದ್ದರೆ, ನೀರು ಇಳಿಯುತ್ತಿದ್ದಂತೆ ಬಂಡೆಯ ಗುಳಿಗಳಲ್ಲಿ ಪುಟ್ಟ ಕೊಳಗಳು ಉಳಿದುಕೊಳ್ಳುತ್ತವೆ. ಸನ್ಯಾಸಿ ಏಡಿ, ಕಡಲ ಹೂವಿನಂಥ ಅನಿಮೋನ್, ಬೆರಳುದ್ದದ ಮೀನು ಅವುಗಳಲ್ಲಿ ಸಿಗುತ್ತವೆ. ಕೊಳದ ಮೇಲೆ ನಿಮ್ಮ ನೆರಳು ಬಿದ್ದರೆ ಎಲ್ಲವೂ ಸಂದಿಗೆ ಸೇರಿಬಿಡುತ್ತವೆ. ಬಿಸಿಲಿಗೆ ಎದುರಾಗಿ ಕುಕ್ಕರಗಾಲಲ್ಲಿ ಕೂತು ಎರಡು ಮೂರು ನಿಮಿಷ ಅಲುಗದಿದ್ದರೆ ಒಂದೊಂದಾಗಿ ಹೊರಬರುತ್ತವೆ. ಕಲ್ಲೆತ್ತಿ ನೋಡಿದರೆ ಎತ್ತಿದ ಹಾಗೆಯೇ ಮೆಲ್ಲಗೆ ಇಡಿ. ಮಗುಚಿ ಬಿಟ್ಟರೆ ಅಡಿಯ ತಂಪಿನಲ್ಲಿದ್ದ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಬರಿಗಾಲು ಬೇಡ, ಸಿಂಪಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ತಳದ ಚಪ್ಪಲಿ ಬೇಕು. ನೀರು ತಿರುಗಿ ಏರಲು ಶುರುವಾಗಿ ಅರ್ಧ ಗಂಟೆಯೊಳಗೆ ಬಂಡೆಯಿಂದ ಇಳಿದುಬಿಡಿ. ಎಷ್ಟೋ ಜನ ಜಾರಿ ಬೀಳುವುದು ಅಲೆಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವಾಗ.

ಓಂ ಬೀಚಿನಲ್ಲಿ ಡಾಲ್ಫಿನ್ ತೋರಿಸುತ್ತೇವೆಂದು ದೋಣಿಯವರು ಕರೆಯುತ್ತಾರೆ. ಅದೇ ಡಾಲ್ಫಿನ್‌ಗಳನ್ನು ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಹೋಗುವ ಕಾಲುದಾರಿಯ ಗುಡ್ಡದ ಮೇಲಿಂದ ಪುಕ್ಕಟೆ ನೋಡಬಹುದು. ಇವು ದಡದ ಹತ್ತಿರವೇ ಸಣ್ಣ ಗುಂಪಿನಲ್ಲಿ ತಿರುಗುವ ಗೂನುಬೆನ್ನಿನ ಡಾಲ್ಫಿನ್‌ಗಳು. ಬೆಳಗಿನ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಮಧ್ಯಾಹ್ನ ಕಡಲಗಾಳಿ ಎದ್ದರೆ ಬಿಳಿ ನೊರೆಯ ನಡುವೆ ಬೆನ್ನು ಗುರುತಿಸುವುದು ಕಷ್ಟ. ದೋಣಿಯ ಮೋಟಾರಿನ ಸದ್ದು ಅವುಗಳಿಗೆ ಹಿಂಸೆ, ಆದ್ದರಿಂದ ನಮ್ಮ ಮತ ಗುಡ್ಡಕ್ಕೇ. ಕಾಣದ ದಿನಗಳೂ ಉಂಟು, ಆಗ ಕೆಂಗಂದು ಮೈ, ಬಿಳಿ ತಲೆಯ ಗರುಡ ಸಿಗುತ್ತದೆ. ಓಂನಿಂದ ಹಾಫ್ ಮೂನ್‌ಗೆ ಅರ್ಧ ಗಂಟೆ, ಅಲ್ಲಿಂದ ಪ್ಯಾರಡೈಸ್‌ಗೆ ಹೆಚ್ಚುಕಡಿಮೆ ಅಷ್ಟೇ. ತಲೆಗೆ ಎರಡು ಲೀಟರ್ ನೀರು ಬೇಕು. ಉದುರಿದ ಎಲೆಯ ಕೆಳಗಿನ ಜಂಬಿಟ್ಟಿಗೆಯ ಸಣ್ಣಕಲ್ಲು ಇಳಿಜಾರಿನಲ್ಲಿ ಉರುಳುತ್ತದೆ. ಕತ್ತಲಾದರೆ ದಾರಿ ತಪ್ಪುತ್ತದೆ, ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಮರಳಿ ಹೊರಡಬೇಕು.

ತದಡಿ ಗೋಕರ್ಣದಿಂದ ಹತ್ತು ಕಿಲೋಮೀಟರ್ ಆಸುಪಾಸು. ಅಣೆಕಟ್ಟಿಲ್ಲದ ಅಘನಾಶಿನಿ ಹೊಳೆ ಇಲ್ಲಿ ಕಡಲು ಸೇರುತ್ತಾಳೆ. ಹೊಳೆ ಹೊತ್ತು ತಂದ ಮಣ್ಣಿಗೆ ತಡೆಯಿಲ್ಲ, ಸಿಹಿನೀರಿಗೂ ತಡೆಯಿಲ್ಲ. ಕೆಸರು ಅಷ್ಟು ಫಲವತ್ತಾಗಲು ಇದೇ ಕಾರಣ. ಈ ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿತು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ನೋಡಿ: ಒಂದು ಕೊಂಬು ಮಾತ್ರ ದೊಡ್ಡದಿರುವ ಗಂಡು ಏಡಿಗಳು ಅದನ್ನು ಬೀಸಿ ಹೆಣ್ಣನ್ನು ಕರೆಯುತ್ತವೆ, ಮಡ್‌ಸ್ಕಿಪ್ಪರ್ ಮೀನುಗಳು ಕೆಸರಿನ ಮೇಲೆ ಕುಪ್ಪಳಿಸುತ್ತವೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಉತ್ತರದಿಂದ ವಲಸೆ ಬಂದ ಹಕ್ಕಿಗಳೂ ಇರುತ್ತವೆ. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಅವುಗಳಲ್ಲಿ ಸುಲಭಕ್ಕೆ ಗುರುತು ಸಿಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಪೂರ್ತಿ ಇಳಿತಕ್ಕೆ ಹೋಗಿ. ಆಗ ಹಕ್ಕಿಗಳು ದೂರದ ದಂಡೆಗಳಲ್ಲಿ ಚದುರಿ ಚುಕ್ಕೆಗಳಾಗಿರುತ್ತವೆ. ಇಳಿತ ಮುಗಿದು ಒಂದು, ಒಂದೂವರೆ ಗಂಟೆಗೆ ಏರುವ ನೀರು ಅವನ್ನು ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಕಟ್ಟೆಯ ಕಡೆಗೆ ತಾನೇ ತಳ್ಳಿ ತರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಎರಡನೆಯ ದಿನ ಬೆಳಗಿನ ಇಳಿತ ಆರೂವರೆ ಸುಮಾರಿಗೆ ಬೀಳುತ್ತದೆ, ಏಳೂವರೆಯಿಂದ ಒಂಬತ್ತರವರೆಗೆ ಕಟ್ಟೆಯ ಮೇಲೆ ಸೂರ್ಯನಿಗೆ ಬೆನ್ನುಮಾಡಿ ನಿಂತರೆ ಸಾಕು. 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಇದ್ದರೆ ಚೆನ್ನ, ಮಂಕು ಬಣ್ಣದ ಬಟ್ಟೆ ಇರಲಿ. ಕೆಸರಿಗೆ ಇಳಿಯಬೇಡಿ, ಮೊಣಕಾಲವರೆಗೆ ಹೂತುಹೋಗುತ್ತದೆ, ಒಳಗೆ ಚಿಪ್ಪುಗಳಿರುತ್ತವೆ. ಇಳಿತದಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವವರಿಗೆ ಅದು ದಿನದ ದುಡಿಮೆ; ಅವರ ರಾಶಿ ತುಳಿಯಬಾರದು, ಕೇಳದೆ ಫೋಟೊ ತೆಗೆಯಬಾರದು.

ಎರಡೇ ಕಡೆ ಹೋಗುವುದಾದರೆ ಹುಣ್ಣಿಮೆಯ ಸಂಜೆ ಓಂ ಬಂಡೆ, ಅದಾದ ಎರಡನೆಯ ಬೆಳಿಗ್ಗೆ ತದಡಿ. ತಿಥಿ ಹೊಂದದಿದ್ದರೆ ಗುಡ್ಡದ ಹಾದಿ ಹಿಡಿಯಿರಿ, ಅದಕ್ಕೆ ಇಳಿತದ ಹಂಗಿಲ್ಲ. ಚಳಿಗಾಲದ ರಾತ್ರಿ ಮರಳಿನಲ್ಲಿ ಮೊಟ್ಟೆಯಿಡಲು ಬಂದ ಕಡಲಾಮೆ ಕಂಡರೆ ಟಾರ್ಚ್ ಆರಿಸಿ, ಹಿಂದೆ ಸರಿದು ನಿಂತು ಅರಣ್ಯ ಇಲಾಖೆಗೆ ತಿಳಿಸಿ. ಬೆಳಕು ಬಿದ್ದರೆ ಅದು ಮೊಟ್ಟೆಯಿಡದೆ ನೀರಿಗೆ ಮರಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಯೂ ಬೇಡ, ನೀರೂ ಬೇಡ.