12, 18, 30 ವ್ಯಾಟ್: ಮೂರು ಟ್ಯೂಬ್ ಆಂಪ್ ನುಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮೆಚ್ಚಿನದು 12 ವ್ಯಾಟ್‌ನ ಪುಟ್ಟ ಗಿಟಾರ್ ಆಂಪ್. ಅದು ಕೈಗೆ ಬರುವ ಮುಂಚೆ 30 ವ್ಯಾಟ್‌ನದೊಂದನ್ನು ಕೊಂಡು ಒಂದು ವರ್ಷ ಒದ್ದಾಡಿದ್ದೇನೆ. ನಡುವೆ ಗೆಳೆಯರೊಬ್ಬರ 18 ವ್ಯಾಟ್ ಆಂಪ್ ಎರಡು ತಿಂಗಳು ನನ್ನ ಬಳಿ ಇತ್ತು. ಮೂರೂ ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್‌ಗಳಿಂದ ಸದ್ದು ಹೆಚ್ಚಿಸುವಂಥವು, ಸಣ್ಣ ವರ್ಕ್‌ಶಾಪ್‌ಗಳಲ್ಲಿ ಕೈಯಲ್ಲೇ ಬೆಸುಗೆ ಹಾಕಿ ಮಾಡಿದವು. ಸರ್ಕ್ಯೂಟ್ ಮಾತ್ರ ಹಳೆಯ ಕಾಲದ್ದೇ. 12 ವ್ಯಾಟ್‌ನದು 1950ರ ದಶಕದ ಫೆಂಡರ್ ಟ್ವೀಡ್ ಡಿಲಕ್ಸ್, ಅಂದರೆ 5ಇ3 ಎಂಬ ಸರ್ಕ್ಯೂಟಿನ ಜಾತಿ. 18ರದ್ದು 1960ರ ದಶಕದ ಮಾರ್ಷಲ್ ಜಾತಿ. 30ರದ್ದು ವಾಕ್ಸ್ ಎಸಿ30 ಜಾತಿ.

ನಾನು ದಿನಾ ಒಂದು ಗಂಟೆ ಕೋಣೆಯಲ್ಲಿ ನುಡಿಸುತ್ತೇನೆ. ವಾರಕ್ಕೊಮ್ಮೆ ಡ್ರಮ್ಸ್ ಜೊತೆ. ಸಿಂಗಲ್ ಕಾಯಿಲ್ ಗಿಟಾರ್ (ತಂತಿಯ ಕಂಪನ ಹಿಡಿಯುವ ಪಿಕಪ್‌ನಲ್ಲಿ ಒಂದೇ ಸುರುಳಿ), ನೇರವಾಗಿ ಆಂಪ್‌ಗೆ. ಪೆಡಲ್ ಇಲ್ಲ.

30 ವ್ಯಾಟ್‌ನ ಆಂಪ್ ತಂದ ದಿನವೇ ತೊಂದರೆ ಶುರು. ವಾಲ್ಯೂಮ್ 1ರಲ್ಲಿಟ್ಟರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಒಂದು ಕೂದಲೆಳೆ ತಿರುಗಿಸಿದರೆ ಕಿಟಕಿ ಗಾಜು ನಡುಗುತ್ತಿತ್ತು. ನಡುವೆ ಏನೂ ಇಲ್ಲ. ಬೆರಳ ತುದಿಯಿಂದ ನಾಬ್ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ತಿರುಗಿಸಬೇಕಿತ್ತು. ಸರಿಯಾದ ಜಾಗ ಸಿಕ್ಕಿತು ಅಂತ ಕೈ ತೆಗೆದರೆ, ಮರುದಿನ ಅದೇ ಜಾಗ ಹುಡುಕುವ ಕೆಲಸ ಮತ್ತೆ.

ರಿಪೇರಿಯವರು ಹಿಂದಿನ ಹಲಗೆ ಬಿಚ್ಚಿ ನೋಡಿ ಕಾರಣ ತೋರಿಸಿದರು. ವಾಲ್ಯೂಮ್ ಪಾಟ್, ಅಂದರೆ ನಾಬ್‌ನ ಹಿಂದೆ ತಿರುಗುವ ರೆಸಿಸ್ಟರ್, ಲೀನಿಯರ್ ಜಾತಿಯದು: ಎಷ್ಟು ತಿರುಗಿಸಿದರೆ ಅಷ್ಟೇ ಪಾಲು ಸಿಗ್ನಲ್. ಸಾಮಾನ್ಯವಾಗಿ ಹಾಕುವುದು ಆಡಿಯೋ ಟೇಪರ್ ಪಾಟ್. ಅದನ್ನು ನಡುಮಧ್ಯಕ್ಕೆ ತಿರುಗಿಸಿದಾಗ ಸಿಗ್ನಲ್‌ನ ಸುಮಾರು 10ರಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಲೀನಿಯರ್ ಪಾಟ್‌ನಲ್ಲಿ ಅಷ್ಟು ಸಿಗ್ನಲ್ ಶುರುವಿನ 10ನೇ ಒಂದು ಭಾಗ ತಿರುಗಿಸುವಷ್ಟರಲ್ಲೇ ದಾಟಿರುತ್ತದೆ. ಜೊತೆಗೆ ವಾಲ್ಯೂಮ್‌ಗೆ ಅಡ್ಡಲಾಗಿ ಒಂದು ಬ್ರೈಟ್ ಕೆಪಾಸಿಟರ್. ವಾಲ್ಯೂಮ್ ಕಡಿಮೆ ಇದ್ದಾಗ ಅದು ಟ್ರೆಬಲ್ ಒಂದನ್ನೇ ಹಾಯಿಸುತ್ತದೆ. ಆ ಸೊಳ್ಳೆ ದನಿ ಬಂದದ್ದು ಅಲ್ಲಿಂದ.

ಪಾಟ್ ಬದಲಾಯಿಸಿದೆವು. ನಾಬ್ ಹದಕ್ಕೆ ಬಂತು, ಟೋನ್ ಬರಲಿಲ್ಲ. ಆ ಆಂಪ್‌ನ ನಾಲ್ಕು ಇಎಲ್84 ಪವರ್ ಟ್ಯೂಬ್‌ಗಳು (ಸ್ಪೀಕರ್‌ಗೆ ಶಕ್ತಿ ಕೊಡುವವು) ಬಿಸಿಯಾಗಿ ಬೆವರಿದಾಗಲೇ ಅದು ಹಾಡುವುದು. ನನ್ನ ಕೋಣೆಯಲ್ಲಿ ಅವಕ್ಕೆ ಕೆಲಸವೇ ಇರಲಿಲ್ಲ. ಆಂಪ್ ಮತ್ತು ಸ್ಪೀಕರ್ ನಡುವೆ ಸದ್ದು ಇಳಿಸುವ ಅಟೆನ್ಯುಯೇಟರ್ ಹಾಕಿಯೂ ನೋಡಿದೆ. ಸ್ವಲ್ಪ ಇಳಿಸಿದರೆ ಪರವಾಗಿಲ್ಲ, ಜಾಸ್ತಿ ಇಳಿಸಿದರೆ ಕಂಬಳಿ ಹೊದಿಸಿದ ಹಾಗೆ ಮಂಕು.

ನಾನು ಮಾಡಿದ ತಪ್ಪು ಇನ್ನೊಂದು: ವ್ಯಾಟ್ ನೋಡಿದೆ, ಸ್ಪೀಕರ್ ನೋಡಲಿಲ್ಲ. ವ್ಯಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. ನನ್ನ 30 ವ್ಯಾಟ್‌ನದರಲ್ಲಿದ್ದ ಸ್ಪೀಕರ್ ಒಂದು ವ್ಯಾಟ್‌ಗೆ, ಒಂದು ಮೀಟರ್ ದೂರದಲ್ಲಿ, 100 ಡೆಸಿಬೆಲ್ ಕೊಡುವಂಥದ್ದು. ಈಗಿನ ಪುಟ್ಟ ಆಂಪ್‌ನದು 97. ವ್ಯಾಟ್ ಎರಡು ಪಟ್ಟು ಮಾಡಿದಷ್ಟು ಸದ್ದನ್ನು ಸ್ಪೀಕರ್ ಒಂದೇ ಸೇರಿಸಿತ್ತು, ಅಲ್ವಾ? ಕೊಳ್ಳುವ ಮುಂಚೆ ಈ ಒಂದು ಅಂಕಿ ಕೇಳಿ ತಿಳಿದುಕೊಳ್ಳಿ.

18 ವ್ಯಾಟ್‌ನದರಲ್ಲಿ ಮಾಸ್ಟರ್ ವಾಲ್ಯೂಮ್ ಇತ್ತು, ಅಂದರೆ ಪವರ್ ಟ್ಯೂಬ್‌ಗಳಿಗೆ ಹೋಗುವ ಸಿಗ್ನಲ್ ಇಳಿಸುವ ನಾಬ್. ಅದನ್ನು ನಂಬಿಕೊಂಡೇ ತಂದೆ. ಮಾಸ್ಟರ್ ಇಳಿಸಿದರೆ ಪವರ್ ಟ್ಯೂಬ್‌ಗಳು ಸುಮ್ನೆ ಕೂರುತ್ತವೆ, ಅವಕ್ಕಿಂತ ಮುಂಚೆ ಬರುವ ಚಿಕ್ಕ ಟ್ಯೂಬ್‌ಗಳಲ್ಲಿ ಮಾತ್ರ ದನಿ ಒಡೆಯುತ್ತದೆ, ಗರಗರ ಅನ್ನುತ್ತದೆ. ದನಿ ಸಣ್ಣಗೆ, ಒಣಗಿದ ಹಾಗೆ. ಡ್ರಮ್ಸ್ ಜೊತೆ ಪೂರ್ತಿ ತೆರೆದಾಗ ಮಾತ್ರ ಅದರ ಗತ್ತೇ ಬೇರೆ. ಬೇಸ್ ಗಟ್ಟಿ, ಕಾರ್ಡ್ ಹೊಡೆದರೆ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ತೂಕ ಮಾತ್ರ ಸೊಂಟಕ್ಕೆ ಕಷ್ಟ.

ಇನ್ನು 12 ವ್ಯಾಟ್‌ನದು. ಎರಡು 6ವಿ6 ಪವರ್ ಟ್ಯೂಬ್, ಎರಡು ಚಾನೆಲ್‌ಗೆ (ಗಿಟಾರ್ ಸಿಕ್ಕಿಸುವ ದಾರಿಗಳಿಗೆ) ಒಂದೊಂದು ವಾಲ್ಯೂಮ್, ಒಂದು ಟೋನ್, ಅಷ್ಟೇ. ನಾಬ್ 12ರವರೆಗೆ ತಿರುಗುತ್ತದೆ. 6 ದಾಟಿದ ಮೇಲೆ ಸದ್ದು ಹೆಚ್ಚು ಏರುವುದಿಲ್ಲ, ದನಿ ದಪ್ಪವಾಗುತ್ತಾ ಒಡೆಯುತ್ತದೆ. ಪಿಕ್ ಜೋರಾಗಿ ಹಾಕಿದಾಗ, ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬ್‌ನ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಏಳುತ್ತದೆ. ಅದಕ್ಕೇ ಸ್ವರ ಮೊದಲು ಅದುಮಿದಂತಾಗಿ ಆಮೇಲೆ ಅರಳುತ್ತದೆ. ಬೆರಳಿಗೆ ಅದು ಗೊತ್ತಾಗುತ್ತದೆ, ಬರೀ ಕಿವಿಗಲ್ಲ. ಮೂರನೇ ತಂತಿಯನ್ನು ಎಳೆದು ಹಿಡಿದು ಕಣ್ಣು ಮುಚ್ಚಿ ಕೇಳುತ್ತಾ ಕೂತ ರಾತ್ರಿಗಳಿವೆ.

ಗಿಟಾರ್‌ನ ವಾಲ್ಯೂಮ್ 4ಕ್ಕೆ ಇಳಿಸಿದರೆ ದನಿ ತಿಳಿಯಾಗುತ್ತದೆ. ಸದ್ದೂ ಕೋಣೆಗೆ ತಕ್ಕಷ್ಟೇ. ಬಳಸದ ಚಾನೆಲ್‌ನ ವಾಲ್ಯೂಮ್ ತಿರುಗಿಸಿದರೂ ಬಳಸುವ ಚಾನೆಲ್‌ನ ಬಣ್ಣ ಬದಲಾಗುತ್ತದೆ! ಇದು ದೋಷವಲ್ಲ, ಆ ಸರ್ಕ್ಯೂಟೇ ಹಾಗೆ. ನನಗೆ ಅದು ಎರಡನೇ ಟೋನ್ ನಾಬ್ ಆಗಿದೆ.

ಕೊರತೆ ಇದೆ. ಹಂಬಕರ್ (ಎರಡು ಸುರುಳಿಯ ಪಿಕಪ್) ಗಿಟಾರ್ ಹಾಕಿದರೆ ಬೇಸ್ ಸಡಿಲವಾಗಿ ಕಲಸಿಹೋಗುತ್ತದೆ. ಡ್ರಮ್ಸ್ ಜೊತೆ ಕ್ಲೀನ್ ದನಿ ಬೇಕೆಂದರೆ ಸಾಲದು. ನನಗೆ ಅಲ್ಲಿ ಸ್ವಲ್ಪ ಒಡೆದ ದನಿಯೇ ಇಷ್ಟ, ಹಾಗಾಗಿ ನಡೆಯುತ್ತದೆ. ನಿಮ್ಮ ಡ್ರಮ್ಮರ್‌ದು ಜೋರು ಕೈ ಆಗಿದ್ದರೆ 18 ವ್ಯಾಟ್‌ನದೇ ಸರಿ. ಎರಡು ಆಂಪ್ ಇಟ್ಟುಕೊಳ್ಳುವಷ್ಟು ದುಡ್ಡು ನನ್ನಲ್ಲಿಲ್ಲ, ಇದ್ದಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

30 ವ್ಯಾಟ್‌ನದನ್ನು ದೊಡ್ಡ ವೇದಿಕೆಗಳಲ್ಲಿ ನುಡಿಸುವ ಒಬ್ಬರಿಗೆ ಮಾರಿದೆ. ಆಮೇಲೆ ಒಮ್ಮೆ ಅವರು ನುಡಿಸುವಾಗ ಕೇಳಲು ಹೋಗಿದ್ದೆ. ವಾಲ್ಯೂಮ್ ಅರ್ಧ ದಾಟಿತ್ತು. ಗಂಟೆ ಬಾರಿಸಿದ ಹಾಗೆ ಕಾರ್ಡ್‌ಗಳು ಮೊಳಗುತ್ತಿದ್ದವು. ನಾನು ಒಂದು ವರ್ಷ ಹುಡುಕಿದ ಟೋನ್ ಅಲ್ಲಿತ್ತು.